ಪುಡಿಯಪ್ಪನೂ ಕೂಗದ ಹುಂಜವೂ

ಹೋದ ತಿಂಗಳು ನಿಮ್ಮಲ್ಲೊಬ್ಬಳು, ಪ್ರಾಣಿಗಳ ಬಗ್ಗೆ ಓದುತ್ತಿರುವವಳು, ಊಟಕ್ಕೆ ಕೂತಾಗ ಒಂದು ಸಂಗತಿ ಹೇಳಿದಳು. ಹುಳ ಸಾಯಲೆಂದು ಹೊಡೆಯುವ ಕೆಲವು ಔಷಧಿಗಳು ಪ್ರಾಣಿಗಳ ಮೈಯೊಳಗೆ ಸೇರಿ, ಗಂಡುಮರಿಗಳು ಗಂಡಾಗಿ ಬೆಳೆಯುವುದನ್ನೇ ತಡೆಯುತ್ತವಂತೆ. ಮೀನಿನಲ್ಲಿ, ಮೊಸಳೆಯಲ್ಲಿ, ಹಕ್ಕಿಗಳಲ್ಲಿ ಎಲ್ಲ ನೋಡಿದ್ದಾರಂತೆ. ಆಮೇಲೆ ನನ್ನ ಕಡೆ ತಿರುಗಿ "ನಿನಗಿದೆಲ್ಲ ಗೊತ್ತಾಗಲ್ಲ ಬಿಡಜ್ಜಿ" ಎಂದಳು. ನಾನು ಮಜ್ಜಿಗೆ ಬಡಿಸುತ್ತಾ "ಗೊತ್ತು ಕಣೇ, ನಾನು ಹುಂಜದಲ್ಲಿ ನೋಡಿದ್ದೀನಿ" ಎಂದೆ. ನೀವೆಲ್ಲ ಅನ್ನ ನೆತ್ತಿಗೇರುವಂತೆ ನಕ್ಕಿರಿ. ನಾಲ್ಕು ಜನರೆದುರು ಕೂತು ಕಥೆ ಹೇಳುವ ಧೈರ್ಯ ನನಗೆ ಯಾವತ್ತೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯ ನಾಲ್ಕನೇ ತರಗತಿ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದರಲ್ಲಿ ನಾನು ಬಾಯಿಬಿಟ್ಟು ಆಡದ ಒಂದು ಮಾತೂ ಬರುತ್ತದೆ. ಅದು ಬಂದಾಗ ಯಾರೂ ನನ್ನ ಮುಖ ನೋಡಬಾರದು.

ಆ ಮನುಷ್ಯನ ಹೆಸರನ್ನು ಬರೆಯುವುದಿಲ್ಲ. ಅವರಿಗೂ ಎಲ್ಲಾದರೂ ಮೊಮ್ಮಕ್ಕಳಿರಬಹುದು. ನಮ್ಮೂರಿನವರು ಅವರನ್ನು ಪುಡಿಯಪ್ಪ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಮದುವೆಯಾಗಿ, ಕೊಣನೂರಿನಿಂದ ಒಂದು ಹರದಾರಿ ದೂರದ ನಿಮ್ಮ ತಾತನ ಊರಿಗೆ ಬಂದು ಸ್ವಲ್ಪ ಕಾಲವಾಗಿತ್ತು. ಚಾವಡಿಯ ಪಕ್ಕದ ಕೋಣೆಯಲ್ಲಿ ಹೊಸದಾಗಿ ದನದ ಆಸ್ಪತ್ರೆ ತೆರೆದರು. ಆಸ್ಪತ್ರೆ ಎಂದರೆ ಒಂದು ಮೇಜು, ಒಂದು ಕಪಾಟು, ಮತ್ತು ಪುಡಿಯಪ್ಪ. ಡಾಕ್ಟರು ತಿಂಗಳಿಗೊಂದು ಸಲ ಜೀಪಿನಲ್ಲಿ ಬಂದು, ಜೀಪಿನಿಂದ ಇಳಿಯದೆಯೇ ರುಜು ಹಾಕಿ ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಎಲ್ಲಕ್ಕೂ ಇವರೇ. ಹೊಳೆನರಸೀಪುರದ ಕಡೆಯವರು. ಉದ್ದನೆಯ ತೆಳ್ಳನೆಯ ಆಳು. ಖಾಕಿ ಚಡ್ಡಿಯ ಕೆಳಗೆ ಎರಡು ಬುಗುರಿ ಕಟ್ಟಿಕೊಂಡ ಹಾಗೆ ಮೊಣಕಾಲು. ಯಾರಾದರೂ "ಡಾಕ್ಟ್ರೇ" ಎಂದು ಕೂಗಿದರೆ, ಜೀಪು ಬಂತೇನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದರು.

ಅವರ ವಿಚಿತ್ರವೆಂದರೆ, ಪಟೇಲರನ್ನು ಬಿಟ್ಟು ಊರ ಗಂಡಸರನ್ನೆಲ್ಲ "ಬಾರಯ್ಯ, ಹಿಡ್ಕಳಯ್ಯ" ಎಂದು ಏಕವಚನದಲ್ಲಿ ಕರೆದರೂ ದನಗಳನ್ನು ಎಂದೂ ಹಾಗೆ ಕರೆದವರಲ್ಲ. ಎಮ್ಮೆಯ ಮುಂದೆ ಕೂತು "ಸ್ವಲ್ಪ ಬಾಯಿ ತೆಗೀರಿ ತಾಯಿ. ಆಯ್ತು, ಆಯ್ತು. ಇನ್ನೊಂದೇ ಗುಟುಕು" ಎನ್ನುವರು. ಪಟೇಲರ ಹೋರಿ ಒಂದು ಸಲ ಅವರನ್ನು ಒದ್ದು ತಿಪ್ಪೆಗೆ ಕೆಡವಿತು. ಪಟೇಲರು ದೊಣ್ಣೆ ಎತ್ತಿದರೆ ಇವರು ಸಗಣಿ ಒರೆಸಿಕೊಳ್ಳುತ್ತಾ "ಬುಡಿ ಗೌಡ್ರೇ, ಅವ್ರಿಗೆ ಹೇಳ್ದೆ ಮುಟ್ಟಿದ್ದು ನಾನು" ಎಂದರು. ಅವ್ರು ಅಂದರೆ ಹೋರಿ.

ಆಗೆಲ್ಲ ಚಳಿಜ್ವರ ಓಡಿಸಲು ಸರ್ಕಾರದವರು ಮನೆಮನೆಗೆ ಬಂದು ಡಿಡಿಟಿ ಹೊಡೆಯುತ್ತಿದ್ದರು. ಗೋಡೆಯೆಲ್ಲ ಬೆಳ್ಳಗಾಗುತ್ತಿತ್ತು. ಸೊಳ್ಳೆಯ ಜೊತೆ ತಿಗಣೆ, ಚಿಗಟವೂ ಸತ್ತು ಜನ ಮೊದಲ ಬಾರಿಗೆ ಕೆರೆದುಕೊಳ್ಳದೆ ಮಲಗಿದರು. ಅದೇ ಪುಡಿ ತಗಡಿನ ಡಬ್ಬಗಳಲ್ಲಿ ತುಂಬಿ ದನದ ಆಸ್ಪತ್ರೆಗೂ ಬಂತು, ದನದ ಉಣ್ಣಿಗೆ ಮತ್ತು ಕೋಳಿಯ ಹೇನಿಗೆ. ಅಂದಿನಿಂದ ಈ ಮನುಷ್ಯನಿಗೆ ಆ ಹೆಸರು. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ, ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು "ರೆಕ್ಕೆ ಕೆಳಗೆ ಒಂದು ಚಿಟಿಕೆ, ಬಾಲದತ್ರ ಒಂದು ಚಿಟಿಕೆ" ಎಂದು ತೋರಿಸುತ್ತಿದ್ದರು. ಅವರು ಚಿಟಿಕೆ ಎಂದರೆ ನಮ್ಮ ಜನ ಹಿಡಿ ಹಿಡಿ ಹಾಕಿದರು. ಒಂದು ವಾರದಲ್ಲಿ ಊರ ಮುಕ್ಕಾಲು ಕೋಳಿಗಳು ವಿಭೂತಿ ಬಳಿದುಕೊಂಡ ಸನ್ಯಾಸಿಗಳ ಹಾಗೆ ತಿಪ್ಪೆ ಕೆದಕುತ್ತಿದ್ದವು.

ಪುಡಿ ಮುಗಿದ ಮೇಲೆ ಡಬ್ಬ ಉಳಿಯಿತು. ಗಟ್ಟಿ ತಗಡು, ಬಿಗಿಯಾದ ಮುಚ್ಚಳ. ಇಲಿ ಹೋಗದ ಅಂಥ ಡಬ್ಬ ಆಗ ಯಾರ ಮನೆಯಲ್ಲಿತ್ತು? ಹೆಂಗಸರು ಆಸ್ಪತ್ರೆಯ ಬಾಗಿಲಲ್ಲಿ ಸಾಲುಗಟ್ಟಿದರು. ಪುಡಿಯಪ್ಪನಿಗೆ ಹೆಂಗಸರೆದುರು ಇಲ್ಲ ಎನ್ನಲು ಬರುತ್ತಿರಲಿಲ್ಲ. "ಚೆನ್ನಾಗಿ ತೊಳ್ಕಳ್ರವ್ವಾ" ಎಂದು ಒಂದೊಂದಾಗಿ ಕೊಟ್ಟುಬಿಟ್ಟರು. ನಮ್ಮತ್ತೆಗೂ ಒಂದು ಸಿಕ್ಕಿತು. ಅತ್ತೆ ಅದನ್ನು ತೊಳೆಯಲಿಲ್ಲ.

"ತೊಳ್ಯಾದು ಯಾಕಮ್ಮಿ? ಒಳಗೆ ಔಸ್ತಿ ಅಂಟ್ಕಂಡದೆ. ರಾಗಿಗೆ ಉಳ ಬೀಳಾಕಿಲ್ಲ" ಎಂದು ಕೋಳಿಗೆ ಹಾಕುವ ರಾಗಿಯನ್ನು ಅದರಲ್ಲೇ ತುಂಬಿಟ್ಟರು.

ಈಗ ಹುಂಜದ ವಿಷಯ. ನಿಮ್ಮ ದೊಡ್ಡಪ್ಪ ಐದು ತಿಂಗಳ ಕೂಸಾಗಿದ್ದಾಗ ಕೆಂಡದಂಥ ಜ್ವರ ಬಂತು. ಅತ್ತೆ ಊರಾಚೆಯ ಮಾರಮ್ಮನ ಗುಡಿಗೆ ಓಡಿ ಹರಕೆ ಹೊತ್ತರು. "ನನ್ ಮೊಮ್ಮಗನ್ನ ಉಳ್ಸಿಕೊಡವ್ವ. ಕೆಂಪು ಜುಟ್ಟಿನ ಉಂಜ ಕೊಡ್ತೀನಿ. ನಿನ್ ಎದ್ರುಗೇ ಕೂಗ್ಸಿ ಕೊಡ್ತೀನಿ." ಹುಂಜ ಕೊಡುವುದು ಊರಿನವರೆಲ್ಲ ಹೊರುವ ಹರಕೆ. ಕೂಗಿಸಿ ಕೊಡುವುದು ಮಾತ್ರ ನಮ್ಮತ್ತೆ ಗಾಬರಿಯಲ್ಲಿ ಸೇರಿಸಿದ್ದು. ಮೂರು ದಿನಕ್ಕೆ ಜ್ವರ ಬಿಟ್ಟಿತು. ಅತ್ತೆ ಮರಿಗಳಲ್ಲಿ ಹುಂಜವೆಂದು ಗುರುತು ಹತ್ತಿದ ಒಂದರ ಕಾಲಿಗೆ ಕೆಂಪು ದಾರ ಕಟ್ಟಿ, ದೇವಿಗೆ ತೋರಿಸಿಕೊಂಡು ಬಂದರು. ಹರಕೆ ತೀರುವ ತನಕ ಕೂಸು ಊರ ಗಡಿ ದಾಟುವ ಹಾಗಿಲ್ಲ ಎಂದರು.

ನನ್ನ ತವರು ಹಿರೀಸಾವೆಯ ಹತ್ತಿರ. ಹೆರಿಗೆಗೆ ನಾನು ಅಲ್ಲಿಗೆ ಹೋಗಬೇಕಿತ್ತು. ಆದರೆ ಅವ್ವ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಅವ್ವ ತನ್ನ ಮೊದಲ ಮೊಮ್ಮಗನ ಮುಖವನ್ನೇ ನೋಡಿರಲಿಲ್ಲ. ನನ್ನಣ್ಣ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದ. "ಅವ್ವ ಕೇಳುತ್ತಾಳೆ, ಕೂಸನ್ನು ಯಾವಾಗ ಕರಕೊಂಡು ಬರುತ್ತೀ?" ನಾನು ಉತ್ತರ ಬರೆಯುತ್ತಿದ್ದೆ. "ಹುಂಜ ಇನ್ನೂ ಕೂಗಿಲ್ಲ." ಕಾರ್ಡನ್ನು ಎಲ್ಲರೂ ಓದುತ್ತಿದ್ದ ಕಾಲ ಅದು. ಟಪಾಲಿನವನು ನಮ್ಮ ಬೀದಿಗೆ ಬಂದರೆ ಕಾಗದ ಕೊಡುವ ಮೊದಲು "ಕೂಗ್ತಾ?" ಎಂದು ಕೇಳುತ್ತಿದ್ದ.

ಕೂಗಲಿಲ್ಲ. ಹರಕೆಯ ಹುಂಜದ ಮೈಮೇಲೆ ಒಂದು ಹೇನೂ ಇರಬಾರದೆಂದು ಅತ್ತೆ ವಾರಕ್ಕೆ ಮೂರು ಸಲ ಪುಡಿ ಹಾಕಿ ತಿಕ್ಕುತ್ತಿದ್ದರು. ಡಬ್ಬದ ರಾಗಿಯನ್ನು ಅದಕ್ಕೇ ಮೊದಲು ಹಾಕುತ್ತಿದ್ದರು. ಮೈ ಏನೋ ಕೈತುಂಬ ಬೆಳೆಯಿತು. ಜುಟ್ಟು ಮಾತ್ರ ಕಡಲೆಬೇಳೆಯಷ್ಟು, ಬಣ್ಣ ಮಾಸಿದ ಕುಂಕುಮದಂತೆ. ಜಗಳವಾಡುವುದಿಲ್ಲ, ಹೇಟೆಗಳ ಹಿಂದೆ ಓಡುವುದಿಲ್ಲ. ಅವುಗಳ ನಡುವೆ ಕೂತು, ಹರಟೆಗೆ ಬಂದ ನೆಂಟಿತ್ತಿಯ ಹಾಗೆ ಕತ್ತು ಆಡಿಸುತ್ತಿತ್ತು.

ಅದೇ ಸಂಸಾರದ ಇನ್ನೊಂದು ಮರಿಯನ್ನು ಮೂಲೆಮನೆಯ ಗೌರವ್ವ ನಮ್ಮಿಂದ ತೆಗೆದುಕೊಂಡು ಹೋಗಿ ಸಾಕಿದ್ದಳು. ಪುಡಿಯ ವಾಸನೆಗೆ ಸೀನು ಬರುತ್ತದೆಂದು ಅವಳು ಪುಡಿಯನ್ನೂ ಮುಟ್ಟಿರಲಿಲ್ಲ, ಡಬ್ಬಕ್ಕೂ ಹೋಗಿರಲಿಲ್ಲ. ಅವಳ ಹುಂಜ ಆರು ತಿಂಗಳಿಗೇ ಮೆಣಸಿನಕಾಯಿಯಂಥ ಜುಟ್ಟು ಬಿಟ್ಟುಕೊಂಡು, ನಮ್ಮ ಮನೆಯ ಸೂರಿನ ಮೇಲೇ ಹತ್ತಿ ಕೂಗುತ್ತಿತ್ತು. ಗೌರವ್ವ ಕೆಳಗೆ ನಿಂತು ನಗುವಳು.

"ಏನಕ್ಕಯ್ಯಾ, ನಿಮ್ ಉಂಜಕ್ಕೊಂದು ಸೀರೆ ಉಡ್ಸಿ ಗಂಡು ಉಡುಕ್ಬುಡಿ!"

"ನಿನ್ ಗಂಡನ್ನೇ ಕಳ್ಸು ಓಗೇ!" ಎಂದು ಅತ್ತೆ ಪೊರಕೆ ಎತ್ತುವರು.

ಮಾತು ತಡವಾದ ಮಕ್ಕಳಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರಲ್ಲ, ಅತ್ತೆ ಅದನ್ನೂ ಮಾಡಿದರು. ಸಾಣೆಕಲ್ಲಿನ ಮೇಲೆ ಕೂಸಿಗೆ ಎರಡು ಸುತ್ತು, ಹುಂಜಕ್ಕೆ ನಾಲ್ಕು ಸುತ್ತು. ಕೊಕ್ಕನ್ನು ನಾನು ಬಿಡಿಸಿ ಹಿಡಿಯಬೇಕು, ಅವರು ಹಚ್ಚಬೇಕು. ಒಂದು ತಿಂಗಳಲ್ಲಿ ನಿಮ್ಮ ದೊಡ್ಡಪ್ಪ ನಮ್ಮತ್ತೆ, ನಿಮ್ಮ ತಾತ, ಬೆಕ್ಕು ಎಲ್ಲರನ್ನೂ ಕರೆಯಲು ಕಲಿತ. ಹುಂಜ ಕ್ಕೊ ಕ್ಕೊ ಎಂದು ಹೇಟೆಯ ಹಾಗೆಯೇ ಗೊಣಗುತ್ತಿತ್ತು.

ಕೊನೆಗೆ ಪುಡಿಯಪ್ಪನನ್ನು ಕರೆಸಿದರು. ಅವರು ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು "ಬಾಯಿ ತೆಗೀರಿ ಸ್ವಾಮಿ" ಎಂದು ಗಂಟಲೊಳಗೆ ಇಣುಕಿದರು.

"ಗಂಟ್ಲು ಚೆನ್ನಾಗದೆ ಅವ್ವಾ. ಕೆಲವ್ರು ಸ್ವಲ್ಪ ನಿಧಾನ."

"ಎಂಟು ತಿಂಗ್ಳಾತು ಸಾ! ನಿಧಾನ ಅನ್ನಾಕೆ ಇದೇನ್ ಸರ್ಕಾರಿ ನೌಕ್ರೀಲಿ ಅದಾ?"

ಪುಡಿಯಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಬೀದಿಯಲ್ಲಿ ಹೋಗುವಾಗ ಪ್ರತಿ ಮನೆಯ ಹಿತ್ತಲಿಗೂ ಇಣುಕಿ ಹುಂಜಗಳ ಜುಟ್ಟು ನೋಡತೊಡಗಿದರು. ನಿಧಾನದ ಹುಂಜಗಳು ಊರಲ್ಲಿ ಬಹಳ ಇದ್ದವು.

ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಮನೆಮನೆಯಲ್ಲೂ ಬಾಡಿನೂಟ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ನಾವು ಹರಕೆಯದಲ್ಲದ ಇನ್ನೊಂದು ಹುಂಜವನ್ನು ಕೊಯ್ದಿದ್ದೆವು, ನಾನು ಖಾರ ಅರೆಯುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ಪುಡಿಯಪ್ಪ ನಿಂತಿದ್ದರು. ಕೈಯಲ್ಲಿ ಪುಸ್ತಕ, ಕಂಕುಳಲ್ಲಿ ಮುತ್ತುಗದ ಎಲೆಯ ಕಟ್ಟು. ಆಕಾಶ ನೋಡುತ್ತಾ ಹೇಳಿದರು.

"ಅವ್ವಾ, ಹುಂಜ ಕೊಯ್ದ್ರಲ್ಲ, ಅದ್ರ... ಅದ್ರ ಬೀಜ ಬೇಕಾಗಿತ್ತು."

ಬರೆದೆ. ಆ ಮಾತು ಇದೇ. ಮುಂದೆ ಓದಿ.

ನಾನು ಅರೆಯುವ ಕಲ್ಲನ್ನು ಬಿಟ್ಟು ಕಣಜದ ಹಿಂದೆ ಸೇರಿಕೊಂಡೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಸಾರು ಬೇಕು ಅಂದ್ರೆ ಸಾರು ಕೇಳಿ ಸಾ, ಒಂದು ಬಟ್ಲು ಕೊಡ್ತೀನಿ. ಅಬ್ಬದ ದಿನ ಇದ್ಯಾವ ಆಸೆ ನಿಮ್ಗೆ?"

"ತಿನ್ನಕ್ಕಲ್ಲವ್ವಾ, ನೋಡಕ್ಕೆ!"

"ನೋಡಕ್ಕಾ!" ಎಂದು ಅತ್ತೆ ಇನ್ನೂ ಗಾಬರಿಯಾದರು.

ಅವತ್ತು ಅವರು ಊರಿನ ಅಡುಗೆಮನೆಗಳನ್ನೆಲ್ಲ ಸುತ್ತಿದರು. ಒಂದು ಮನೆಯಲ್ಲಿ ಆಗಲೇ ಕುದಿಯುವ ಸಾರಿನಲ್ಲಿ ಬಿದ್ದುಹೋಗಿತ್ತು. ಸೌಟು ಇಸಿದುಕೊಂಡು ತಾವೇ ಹುಡುಕಿ ತೆಗೆದರಂತೆ. ಇನ್ನೊಂದು ಮನೆಯ ಯಜಮಾನ ಅವರನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ "ಮದ್ವೆಯಾಗಿ ಎಷ್ಟು ವರ್ಸ ಆತು ಸಾ? ಇದ್ಕೆ ನಾಟಿ ಔಸ್ತಿ ಬ್ಯಾರೆ ಅದೆ, ನಾಚ್ಕೋಬ್ಯಾಡಿ" ಎಂದನಂತೆ. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಊರವರು ಇನ್ನೊಂದು ಹೆಸರಿಟ್ಟಿದ್ದರು. ಅದನ್ನು ನಾನು ಕಾಗದದ ಮೇಲೂ ಬರೆಯಲಾರೆ.

ಊಟವಾಗಿ ಎಲ್ಲರೂ ಎಲೆಅಡಿಕೆ ಹಾಕಿಕೊಳ್ಳುವಾಗ ನಮ್ಮ ಜಗಲಿಗೆ ಬಂದು ಎರಡು ಎಲೆ ಹಾಸಿದರು. ನಾನು ಕಿಟಕಿಯ ಸಂದಿಯಿಂದ ನೋಡಿದೆ. ಒಂದು ಎಲೆಯ ಮೇಲಿದ್ದವು ದಪ್ಪ ಅವರೆಕಾಳಿನ ಹಾಗಿದ್ದವು. ಇನ್ನೊಂದರ ಮೇಲಿನವು ಹುರುಳಿಕಾಳಿನ ಹಾಗೆ. ನಿಮ್ಮ ತಾತನಿಗೆ ತೋರಿಸಿ ಹೇಳಿದರು. "ಎಲ್ಲ ಒಂದೇ ವಯಸ್ಸಿನ ಹುಂಜಗಳು ಕಣಯ್ಯ. ಈ ದಪ್ಪನವು ಪುಡಿ ಹಾಕದ ಮನೆಯವು. ಈ ಸಣ್ಣವು ಪುಡಿ ಹಾಕಿದ ಮನೆಯವು. ಮೈಗೆ ಹಾಕಿದ್ದು ಒಳಕ್ಕೆ ಎಂಗೋಯ್ತು ಅನ್ನೋದು ತಿಳೀತಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಅವ್ವಾ, ಕೋಳಿಗೆ ರಾಗಿ ಯಾವುದ್ರಿಂದ ತೆಗ್ದು ಹಾಕ್ತೀರಿ?"

ಅತ್ತೆ ಹೆಮ್ಮೆಯಿಂದ ಡಬ್ಬ ತಂದಿಟ್ಟರು. ಪುಡಿಯಪ್ಪ ಒಳಗೆ ಕೈಹಾಕಿ ತೆಗೆದರು. ಬೆರಳ ತುದಿಗಳು ಬೆಳ್ಳಗಾಗಿದ್ದವು. ಅವರು ಬೆರಳನ್ನೇ ನೋಡುತ್ತಾ ಜಗಲಿಯಿಂದ ಇಳಿದು ನೆಲದ ಮೇಲೆ ಕುಳಿತುಬಿಟ್ಟರು.

"ನಮ್ ಪುಡೀನೇ ಅವ್ವಾ. ಖಂಡಿತ ಇದೇ ಅನ್ನಕ್ಕೆ ನಾನು ಅಷ್ಟು ಓದಿದೋನಲ್ಲ. ಆದ್ರೆ ಡಬ್ಬ ಇರೋ ಮನೇಲೆಲ್ಲ ಇಂಗೇ ಆಗದೆ. ಪುಡಿ ಹಾಕಿ ಅಂದೋನೂ ನಾನೇ, ಡಬ್ಬ ಕೊಟ್ಟೋನೂ ನಾನೇ. ನಿಮ್ ಹುಂಜ ಕೂಗ್ದೆ ಇರೋದು ನನ್ ತಪ್ಪು."

ಅತ್ತೆ ಬಯ್ಯಲು ಬಾಯಿ ತೆರೆದವರು ಡಬ್ಬದ ಮುಚ್ಚಳ ಹಾಕಿದರು. ಖಾಕಿ ಹಾಕಿದವರು ತಪ್ಪು ನನ್ನದು ಎಂದದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ. ಅದಕ್ಕೆ ಏನು ಬಯ್ಯಬೇಕೆಂದು ಅವರಿಗೆ ತಿಳಿಯಲಿಲ್ಲ.

ಮರುದಿನದಿಂದ ಪುಡಿಯಪ್ಪ ಮನೆಮನೆಗೆ ಹೋಗಿ ಡಬ್ಬ ವಾಪಸ್ಸು ಕೇಳಿದರು. ಕೊಟ್ಟ ಡಬ್ಬವನ್ನು ಹೆಂಗಸರು ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಪ್ರತಿ ಬಾಗಿಲಲ್ಲೂ ನಿಂತು ಅದೇ ಮಾತನ್ನು ಮೊದಲಿನಿಂದ ಹೇಳಬೇಕಾಯಿತು. ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಢಣಢಣ ಎಂದು ಬರುವಾಗ ನಾಯಿಗಳೆಲ್ಲ ಹಿಂದೆ. ಆ ತಿಂಗಳು ಜೀಪಿನ ಡಾಕ್ಟರಿಗೆ ಇದನ್ನೆಲ್ಲ ಬರೆದ ಕಾಗದ ಕೊಟ್ಟರು. ಡಾಕ್ಟರು ಓದಿ, ಕೆಂಪಾಗಿ, ಊರಿಗೆಲ್ಲ ಕೇಳುವಂತೆ ಕೂಗಾಡಿದರು.

"ಪುಡಿ ಸರ್ಕಾರದ್ದು ಕಣಯ್ಯಾ! ತಪ್ಪು ಕೋಳೀದು ಅಂತ ಬರಿ!"

"ಆಗಲ್ಲ ಸಾ. ಕೋಳಿಗೆ ಓದಕ್ಕೆ ಬರಲ್ಲ, ನಿಜ. ಅದ್ಕೇ ಅವ್ರ ಮೇಲೆ ಸುಳ್ಳು ಬರ್ಯಕ್ಕೆ ಮನಸ್ಸು ಬರ್ತಿಲ್ಲ."

ತಪ್ಪು ಯಾರದೆಂದು ಗೊತ್ತಾಯಿತು, ಸರಿ. ನನ್ನ ಕೂಸು ಮಾತ್ರ ಊರ ಗಡಿಯೊಳಗೇ ಇತ್ತು. ಬೇರೆ ಹುಂಜ ಕೊಡೋಣವೆಂದು ನಿಮ್ಮ ತಾತ ಹೇಳಿದರೆ ಅತ್ತೆ ಒಪ್ಪಲಿಲ್ಲ. "ದಾರ ಕಟ್ಟಿ ದ್ಯಾವ್ರಿಗೆ ಇದ್ನೇ ತೋರ್ಸಿವ್ನಿ. ಆಮ್ಯಾಕೆ ಬ್ಯಾರೇದ ತಕ್ಕಂಡೋದ್ರೆ ಅವ್ಳಿಗೇನ್ ಕಣ್ ಕಾಣ್ಸಾಕಿಲ್ವಾ?" ಅವ್ವನಿಗೆ ಮೈಯಲ್ಲಿ ಬಹಳ ನಿತ್ರಾಣವೆಂದು ಅಣ್ಣ ಬರೆದ ಕಾರ್ಡು ಬಂದಿತ್ತು. ನಾನು ಒಲೆಯ ಮುಂದೆ ಕೂತು ಹೊಗೆಗೆಂದು ನೆಪ ಹೇಳಿ ಅಳುತ್ತಿದ್ದೆ.

ಟಪಾಲಿನವನ ಬಾಯಿಂದಲೋ ಏನೋ, ಕಾರ್ಡಿನ ಸುದ್ದಿ ಪುಡಿಯಪ್ಪನಿಗೆ ತಲುಪಿತು. ಅವರೇ ಹೋಗಿ ಮಾರಮ್ಮನ ಪೂಜಾರಪ್ಪನನ್ನು ಕರೆದುಕೊಂಡು ಬಂದರು. ಪೂಜಾರಪ್ಪ ಎಲ್ಲವನ್ನೂ ಕೇಳಿ, ಎರಡು ಸಲ ಎಲೆಅಡಿಕೆ ಉಗಿದು, ತೀರ್ಮಾನ ಹೇಳಿದ. "ನಿಂದು ಎಲ್ಡು ಅರ್ಕೆ ಕಣವ್ವಾ. ಕೊಡಾದೊಂದು, ಕೂಗ್ಸಾದೊಂದು. ಕೊಡಾದ ನೀನು ಕೊಡು. ಕೂಗಾದ, ಇದ್ರ ಗಂಟ್ಲು ಕಟ್ದೋರು ಕೂಗ್ಲಿ."

ಎಲ್ಲರೂ ಪುಡಿಯಪ್ಪನನ್ನು ನೋಡಿದರು. ಅವರು ತಮ್ಮ ಮೊಣಕಾಲು ನೋಡಿಕೊಂಡರು. "ಆಗ್ಲಿ" ಎಂದರು. "ಆದ್ರೆ ಹುಂಜವನ್ನ ಕೊಯ್ಬ್ಯಾಡಿ, ಯಾರೂ ತಿನ್ಬ್ಯಾಡಿ. ಅವ್ರ ಮೈಯಲ್ಲಿ ಪುಡಿ ಅದೆ. ದೇವ್ರ ಹೆಸ್ರಲ್ಲಿ ಬುಟ್ಬುಡಿ." ಪೂಜಾರಪ್ಪ ಅದಕ್ಕೂ ಒಪ್ಪಿದ.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಊರೇ ಸೇರಿತ್ತು. ಗೌರವ್ವ ಎಲ್ಲರಿಗಿಂತ ಮುಂದೆ. ಪುಡಿಯಪ್ಪ ಒಗೆದ ಖಾಕಿ ಹಾಕಿ, ಹಣೆಗೆ ಕುಂಕುಮವಿಟ್ಟು ಬಂದಿದ್ದರು. ಹುಂಜವನ್ನು ದೇವಿಯ ಮುಂದೆ ಬಿಟ್ಟರು. ಅದು ಎಂದಿನಂತೆ ಸಾಧುವಾಗಿ ಕೂತಿತು. ಪುಡಿಯಪ್ಪ ಅದರ ಪಕ್ಕ ನಿಂತು ಕಣ್ಣು ಮುಚ್ಚಿ ಕೂಗಿದರು. ಹಳೆಯ ಬಾಗಿಲು ತೆರೆದ ಹಾಗೆ ಕಿರ್ರೆಂದಿತು. ಜನ ಕಿಸಕ್ಕೆಂದರು. ಎರಡನೆಯ ಸಲ ಕೆಮ್ಮು ಬಂತು.

"ತಡೀರಿ" ಎಂದು ಕೈಯೆತ್ತಿದರು. "ರೆಕ್ಕೆ ಬಡ್ಕಳ್ದೆ ಬರಲ್ಲ." ಎರಡೂ ತೋಳುಗಳಿಂದ ಪಕ್ಕೆ ಬಡಿದುಕೊಂಡು, ಬುಗುರಿ ಮೊಣಕಾಲು ಬಗ್ಗಿಸಿ, ಕತ್ತು ಚಾಚಿ, ಒಂದೇ ಉಸಿರಿಗೆ ಹೊಡೆದರು ನೋಡಿ! ಕೊಕ್ಕೊಕ್ಕೋ ಎಂದು ಶುರುವಾದದ್ದು ಕೆರೆ ಏರಿಯ ತನಕ ಹೋಯಿತು. ಆಮೇಲೆ ಊರೊಳಗಿಂದ ಗೌರವ್ವನ ಹುಂಜ ಉತ್ತರ ಕೊಟ್ಟಿತು. ಅದರ ಹಿಂದೆ ಇನ್ನೊಂದು. ನಮ್ಮ ಹುಂಜ ಕತ್ತು ಓರೆ ಮಾಡಿಕೊಂಡು ಪುಡಿಯಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿತು. ಗೌರವ್ವ ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅತ್ತೆ ಮಾತ್ರ ನಗಲಿಲ್ಲ. ದೇವಿಗೆ ಅಡ್ಡಬಿದ್ದು ಎದ್ದು, ನನ್ನ ಕಡೆ ತಿರುಗಿ "ಒಪ್ಕಂಡ್ಳು ಕಣಮ್ಮಿ. ನಾಳೆ ಮೊದಲ್ನೇ ಬಸ್ಸಿಗೆ ಒಂಟೋಗು" ಎಂದರು.

ಎರಡು ವರ್ಷದ ಮೇಲೆ ಪುಡಿಯಪ್ಪನಿಗೆ ದೂರದ ಊರಿಗೆ ವರ್ಗವಾಯಿತು. ಡಾಕ್ಟರ ಕೋಪವೇ ಕಾರಣ ಎಂದು ಕೆಲವರು, ಅಲ್ಲ, ಅವರ ಸರದಿ ಎಂದು ಕೆಲವರು. ಎಪ್ಪತ್ತರ ದಶಕದಲ್ಲಿ ತೀರಿಕೊಂಡರೆಂದು ನಿಮ್ಮ ತಾತ ಒಮ್ಮೆ ಸಂತೆಯಿಂದ ಸುದ್ದಿ ತಂದರು. ದೇವಿಯ ಹೆಸರಿನಲ್ಲಿ ಬಿಟ್ಟ ಹುಂಜ ಗುಡಿಯ ಬೇವಿನ ಮರದ ಕೆಳಗೆ ಬಹಳ ಕಾಲ ಬದುಕಿತು, ಯಾರ ಗೊಡವೆಗೂ ಹೋಗದೆ.

ಆ ಮಂಗಳವಾರದ ಮರುದಿನ ನಾನು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಲು ನಿಂತಿದ್ದೆ. ಪುಡಿಯಪ್ಪ ಸೈಕಲ್ ತಳ್ಳಿಕೊಂಡು ಎದುರಿಗೆ ಬಂದರು. ನಿಮ್ಮ ತಾತನನ್ನು ಬಿಟ್ಟು ಹೊರಗಿನ ಗಂಡಸರ ಜೊತೆ ನಾನು ಮಾತಾಡಿದವಳಲ್ಲ. ಅವತ್ತು ಹೇಗೋ ಬಾಯಿಂದ ಬಂದುಬಿಟ್ಟಿತು.

"ಚೆನ್ನಾಗ್ ಕೂಗುದ್ರಿ ಸಾ."

ಅವರ ಎರಡು ಕಿವಿಯೂ ಕೆಂಪಾದವು. "ಮೊದ್ಲ ಸಲ ಸರ್ಯಾಗಿ ಬರ್ಲಿಲ್ಲ ಕಣವ್ವಾ" ಎಂದು ಸೈಕಲ್ ಹತ್ತಿ ಹೊರಟೇ ಹೋದರು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಮೂರು ಕಡೆ ಇಳಿದು ಹತ್ತಿ ಹಿರೀಸಾವೆ ತಲುಪುವಾಗ ಸಂಜೆಯಾಗಿತ್ತು. ಅವ್ವ ಮಲಗಿದ್ದಲ್ಲಿಂದಲೇ ಎರಡೂ ಕೈ ಚಾಚಿದಳು. ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡು ಅದರ ಮೂಗು, ಕಿವಿ, ಕಾಲ್ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ "ಯಾಕಮ್ಮಿ ಇಷ್ಟು ತಡ ಮಾಡ್ದೆ?" ಎಂದಳು. ನಾನು ಡಬ್ಬದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸೊಂಟ ಮುರಿದವಳು ನಗಬಾರದಿತ್ತು. "ಅಯ್ಯಯ್ಯೋ, ನೋಯ್ತದೆ, ಸಾಕು ಬುಡು" ಎನ್ನುತ್ತಲೇ ನಕ್ಕಳು. ನಗು ನಿಂತ ಮೇಲೆ ಕೂಸಿನ ಬೆನ್ನು ತಟ್ಟುತ್ತಾ ಕೇಳಿದಳು.

"ಆವಯ್ಯ ಎಂಗೆ ಕೂಗ್ದ, ಒಂದ್ಕಿತ ತೋರ್ಸು."

ಅಣ್ಣ ಹಿತ್ತಲಲ್ಲಿದ್ದಾನೆಯೇ ಎಂದು ಇಣುಕಿ ನೋಡಿದೆ. ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಪಕ್ಕೆ ಬಡಿದುಕೊಂಡು, ಅವ್ವನ ಮಂಚದ ಪಕ್ಕ ನಿಂತು ಕೂಗಿದೆ.